ಮನೆಗೆ ಬರಲಿರುವ ಅತಿಥಿಯ ಹೆಸರಿನಲ್ಲಿ ವಾರಂಟ್ ಇದೆಯೇ ಎಂದು ತಿಳಿದುಕೊಳ್ಳುವುದು ಹೇಗೆ?

ಕುವೆಂಪುನಗರದವಳು

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯಲ್ಲಿ ನಾನು ಮತ್ತು ಎಂಬತ್ತು ದಾಟಿದ ನನ್ನ ಅತ್ತೆಯವರು ಇಬ್ಬರೇ ಇದ್ದೇವೆ. ಯಜಮಾನರು ಕೆಲಸದ ನಿಮಿತ್ತ ಹೊಸಪೇಟೆಯಲ್ಲಿದ್ದು ತಿಂಗಳಿಗೊಮ್ಮೆ ಬಂದುಹೋಗುತ್ತಾರೆ. ನನ್ನ ನಾದಿನಿಯ ಗಂಡನ ಚಿಕ್ಕಪ್ಪನ ಮಗನೊಬ್ಬ, ವಯಸ್ಸು ಮೂವತ್ತೈದರ ಆಸುಪಾಸು, ಇಲ್ಲಿನ ಕಾರ್ಖಾನೆಯೊಂದರಲ್ಲಿ ಕೆಲಸಕ್ಕೆ ಸೇರುವವನಿದ್ದಾನೆ. ಬಾಡಿಗೆ ಮನೆ ಸಿಗುವ ತನಕ ಎರಡು ಮೂರು ತಿಂಗಳು ನಮ್ಮ ಮಹಡಿಯ ಕೋಣೆಯಲ್ಲಿ ಇರಲಿ ಎಂದು ನಾದಿನಿ ಕೇಳಿದಾಗ ನಾವು ಸಂತೋಷದಿಂದಲೇ ಒಪ್ಪಿದೆವು.

ಕಳೆದ ಗುರುವಾರ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಫೋಟೋ ಹಾಕಿ, ಹತ್ತು ನಿಮಿಷದಲ್ಲಿ ಅಳಿಸಿಬಿಟ್ಟರು. ಅದು ಬೆಂಗಳೂರಿನ ಮ್ಯಾಜಿಸ್ಟ್ರೇಟ್ ನ್ಯಾಯಾಲಯವೊಂದರ ದಸ್ತಗಿರಿ ವಾರಂಟಿನ ಪ್ರತಿಯಂತೆ ಕಾಣುತ್ತಿತ್ತು; ಅದರಲ್ಲಿದ್ದ ಹೆಸರೂ ತಂದೆಯ ಹೆಸರೂ ಈ ಹುಡುಗನದಕ್ಕೆ ಹೊಂದುತ್ತಿದ್ದವು. ಅಳಿಸುವ ಮೊದಲೇ ನಾನು ಅದನ್ನು ಉಳಿಸಿಕೊಂಡಿದ್ದೇನೆ. ನಾದಿನಿಯನ್ನು ಕೇಳಿದರೆ ಮನಸ್ತಾಪವಾಗುತ್ತದೆ, ಕೇಳದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ.

ತಿಳಿದವರಲ್ಲಿ ಮೂರು ಪ್ರಶ್ನೆಗಳು. ಒಬ್ಬ ವ್ಯಕ್ತಿಯ ಮೇಲೆ ಜಾರಿಯಾಗದ ವಾರಂಟ್ ಇದೆಯೇ ಎಂದು ಸಾಮಾನ್ಯ ನಾಗರಿಕರು ಪರಿಶೀಲಿಸಲು ಸಾಧ್ಯವೇ? ಇದ್ದರೆ, ಅಂಥವರನ್ನು ಮನೆಯಲ್ಲಿಟ್ಟುಕೊಳ್ಳುವುದು ನಮ್ಮ ಮೇಲೆ ಅಪರಾಧವಾಗುತ್ತದೆಯೇ? ಪೊಲೀಸರು ಮನೆಯೊಳಗೆ ಬರಬಹುದೇ?

ತುಂಗಾತೀರ

ಅಮ್ಮ, ತಾವು ಗಾಬರಿಯಾಗಿರುವುದು ಅರ್ಥವಾಗುತ್ತದೆ. ಆದರೂ ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಮನೆಗೆ ಬರುವವರ ಕೈಗೆ ನೀರಿನ ಚೊಂಬು ಕೊಡುವ ಮೊದಲು ಅವರ ಹಿಂದೆ ಗೂಢಚಾರಿಕೆ ನಡೆಸುವುದು ನನಗೆ ಸರಿಕಾಣುವುದಿಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಅರ್ಜಿಯನ್ನು ಹೂಡಿದವರು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ನೇರವಾಗಿ ಹುಡುಗನನ್ನೇ ಕೇಳಿಬಿಡಿ.

ಹಳೆಯ ಶಿರಸ್ತೇದಾರ

ನ್ಯಾಯಾಲಯದ ಕಚೇರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಡತ ಹೊತ್ತವನಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ತಾಳ್ಮೆಯಿಂದ ಓದಬೇಕು.

ತುಂಗಾತೀರ ಅವರ ಸಲಹೆ ಒಳ್ಳೆಯದೇ, ಆದರೆ ಖಾಸಗಿತನದ ಮಾತು ಇಲ್ಲಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ನ್ಯಾಯಾಲಯದ ಕಲಾಪ ಬಾಗಿಲು ತೆರೆದು ನಡೆಯುವಂಥದ್ದು. ಪ್ರಕರಣದ ಸಂಖ್ಯೆ, ಪಕ್ಷಗಾರರ ಹೆಸರು, ಮುಂದಿನ ವಾಯಿದೆ (ವಿಚಾರಣೆಯ ದಿನ) ಇವೆಲ್ಲ ಯಾರು ಬೇಕಾದರೂ ನೋಡಬಹುದಾದ ವಿವರಗಳು. ಹಾಗೆಂದ ಮಾತ್ರಕ್ಕೆ ಹೆಸರು ಹಾಕಿದ ಕೂಡಲೇ ವಾರಂಟ್ ಇದೆ ಅಥವಾ ಇಲ್ಲ ಎಂದು ಉತ್ತರ ಕೊಡುವ ಸಾರ್ವಜನಿಕ ಪಟ್ಟಿಯೊಂದು ನಮ್ಮಲ್ಲಿ ಇಲ್ಲ. ವಾರಂಟ್ ಎಂಬುದು ನ್ಯಾಯಾಲಯದಿಂದ ಠಾಣೆಗೆ ಹೋಗುವ ಕಾಗದ. ಅದನ್ನು ನಾವು ಹುಡುಕಬೇಕಾದದ್ದು ಪ್ರಕರಣದ ಮೂಲಕ, ವ್ಯಕ್ತಿಯ ಮೂಲಕವಲ್ಲ.

ತಮ್ಮಲ್ಲಿರುವ ಫೋಟೋವನ್ನು ದೊಡ್ಡದಾಗಿಸಿ ನೋಡಿ. ಅಸಲಿ ವಾರಂಟ್ ಬರವಣಿಗೆಯಲ್ಲಿ ಇರಬೇಕು, ಪೀಠಾಸೀನ ಅಧಿಕಾರಿಯ ಸಹಿ ಇರಬೇಕು, ನ್ಯಾಯಾಲಯದ ಮೊಹರು ಇರಬೇಕು. ಅದನ್ನು ಬರೆದಿರುವುದು ಪೊಲೀಸ್ ಅಧಿಕಾರಿಯನ್ನು ಸಂಬೋಧಿಸಿ, ಆರೋಪಿಯನ್ನಲ್ಲ. ಮೇಲ್ಭಾಗದಲ್ಲಿ ಸಿ.ಸಿ. ನಂಬರ್, ಅಂದರೆ ಆ ನ್ಯಾಯಾಲಯ ಕೊಟ್ಟ ಪ್ರಕರಣ ಸಂಖ್ಯೆ, ಮತ್ತು ವರ್ಷ ಇರುತ್ತದೆ. ಆ ಸಂಖ್ಯೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ರಾಜ್ಯ, ಜಿಲ್ಲೆ, ನ್ಯಾಯಾಲಯ ಸಂಕೀರ್ಣ ಆಯ್ದುಕೊಂಡು ಪ್ರಕರಣ ಸಂಖ್ಯೆಯಿಂದ ಹುಡುಕಿ. ಬೆಂಗಳೂರಿನಲ್ಲಿ ನೃಪತುಂಗ ರಸ್ತೆಯ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳು ಬೇರೆ, ಮೇಯೋ ಹಾಲ್‌ನವು ಬೇರೆ. ಒಂದು ಕಡೆ ಸಿಗಲಿಲ್ಲವೆಂದು ಪ್ರಕರಣವೇ ಇಲ್ಲ ಎಂದುಕೊಳ್ಳಬೇಡಿ.

ಪ್ರಕರಣ ತೆರೆದುಕೊಂಡಾಗ ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಕಾಣುತ್ತದೆ. ಕರ್ನಾಟಕದ್ದು ‘ಕೆಎ’ ಎಂದು ಆರಂಭವಾಗುತ್ತದೆ, ಕೊನೆಯ ನಾಲ್ಕು ಅಂಕಿ ವರ್ಷವನ್ನು ಹೇಳುತ್ತವೆ. ಅದನ್ನು ಬರೆದಿಟ್ಟುಕೊಂಡರೆ ಮುಂದೆ ನೇರವಾಗಿ ಅದರಿಂದಲೇ ನೋಡಬಹುದು. ಬಳಿಕ ‘ಹಂತ’ ಎಂಬಲ್ಲಿ ಏನಿದೆ ನೋಡಿ: ಸಮನ್ಸ್, ಜಾಮೀನು ಸಹಿತ ವಾರಂಟ್, ಎನ್‌ಬಿಡಬ್ಲ್ಯು (ಜಾಮೀನುರಹಿತ ವಾರಂಟ್), ಸಾಕ್ಷ್ಯ, ಹೀಗೆ. ಅಲ್ಲಿಗೇ ನಿಲ್ಲಿಸಬೇಡಿ. ಹಿಂದಿನ ವಾಯಿದೆಗಳ ಪಟ್ಟಿಯಲ್ಲಿ ಪ್ರತಿ ದಿನಾಂಕವನ್ನೂ ಒತ್ತಿದರೆ ಅಂದು ಏನು ನಡೆಯಿತು ಎಂಬ ಒಂದೆರಡು ಸಾಲು ಬರುತ್ತದೆ. ಅಸಲಿ ಕಥೆ ಇರುವುದು ಅಲ್ಲೇ. ಹಂತದ ಜಾಗದಲ್ಲಿ ಎನ್‌ಬಿಡಬ್ಲ್ಯು ಎಂದೇ ಉಳಿದಿದ್ದು, ಆರೋಪಿ ಹಿಂದಿನ ವಾಯಿದೆಗೇ ಹಾಜರಾಗಿ ವಾರಂಟ್ ರೀಕಾಲ್ (ರದ್ದು) ಆಗಿರುವುದನ್ನೂ ನಾನು ಕಂಡಿದ್ದೇನೆ. ನಮ್ಮವರೇ ನಮೂದಿಸಲು ಮರೆತಿರುತ್ತಾರೆ.

ವಾರಂಟಿಗೆ ಅವಧಿ ಮುಗಿಯುವುದೆಂಬುದಿಲ್ಲ. ಹೊರಡಿಸಿದ ನ್ಯಾಯಾಲಯ ರದ್ದುಪಡಿಸುವ ತನಕ ಅಥವಾ ಜಾರಿಯಾಗುವ ತನಕ ಅದಕ್ಕೆ ಜೀವ ಇರುತ್ತದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 70ನೇ ಕಲಮು ಇದನ್ನು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಮು ಅದನ್ನೇ ಹೇಳುತ್ತದೆ.

ಇನ್ನು ಹೆಸರಿನ ಮೂಲಕ ಹುಡುಕುವ ವಿಚಾರ. ಸೌಲಭ್ಯವೇನೋ ಇದೆ, ಆದರೆ ವರ್ಷವನ್ನೂ ಸಂಕೀರ್ಣವನ್ನೂ ಒಂದೊಂದಾಗಿ ಕೊಡಬೇಕು. ಅದಕ್ಕಿಂತ ದೊಡ್ಡ ತೊಡಕು ನಮ್ಮ ಹೆಸರುಗಳದ್ದು. ಮಂಜುನಾಥ, ಮಂಜುನಾಥ್, ಎಂ.ಆರ್. ಮಂಜುನಾಥ, ಮಂಜುನಾಥ ಎಂ.ಆರ್., ಮಂಜುನಾಥ ಬಿನ್ ರಾಮಯ್ಯ ಇವೆಲ್ಲವೂ ಒಬ್ಬನೇ ಆಗಿರಬಹುದು, ಐದು ಮಂದಿಯೂ ಆಗಿರಬಹುದು. ಇನಿಷಿಯಲ್ ಒಂದು ಕಡೆ ಊರಿನದು, ಇನ್ನೊಂದು ಕಡೆ ತಂದೆಯದು. ಆದ್ದರಿಂದ ಹೆಸರು ಕಂಡಿತೆಂದು ತೀರ್ಮಾನಕ್ಕೆ ಬರುವುದು ದೊಡ್ಡ ಅನ್ಯಾಯ. ತಂದೆಯ ಹೆಸರು, ವಯಸ್ಸು, ವಿಳಾಸ ಮೂರೂ ಕೂಡಬೇಕು.

ಸರ್ವರ್ ಡೌನ್

ಹಿರಿಯರ ಬರಹಕ್ಕೆ ಕೈಮುಗಿದೆ. ನನಗೆ ತಿಳಿದ ಬೇರೆ ದಾರಿಗಳನ್ನು ಸೇರಿಸುತ್ತೇನೆ. ಕರ್ನಾಟಕ ರಾಜ್ಯ ಪೊಲೀಸರ ಜಾಲತಾಣದಲ್ಲಿ ಎಫ್‌ಐಆರ್ ಹುಡುಕಾಟದ ಸೌಲಭ್ಯವಿದೆ; ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಜಾಲತಾಣಕ್ಕೆ ಏರಿಸಬೇಕೆಂದು ಸುಪ್ರೀಂ ಕೋರ್ಟ್ 2016ರಲ್ಲಿ ಆದೇಶಿಸಿದೆ, ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣಗಳನ್ನು ಹೊರತುಪಡಿಸಿ. ಕೇಂದ್ರ ಸರ್ಕಾರದ ಡಿಜಿಟಲ್ ಪೊಲೀಸ್ ತಾಣದಲ್ಲಿ ಘೋಷಿತ ಅಪರಾಧಿಗಳ ವಿವರ ಹುಡುಕಬಹುದು. ಇವೆರಡರಲ್ಲೂ ಹೆಸರಿಲ್ಲದಿದ್ದರೆ ನೆಮ್ಮದಿಯಾಗಿ ಇರಬಹುದು ಎಂದು ನನ್ನ ಅಭಿಪ್ರಾಯ. ಅದೂ ಸಾಲದಿದ್ದರೆ ಸೇವಾಸಿಂಧು ಮೂಲಕ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಪಡೆಯಬಹುದು.

ಹಳೆಯ ಶಿರಸ್ತೇದಾರ

ಸರ್ವರ್ ಡೌನ್ ಅವರೇ, ತಾಣಗಳ ವಿವರ ಸರಿ, ‘ನೆಮ್ಮದಿಯಾಗಿ ಇರಬಹುದು’ ಎಂಬುದು ಸರಿಯಲ್ಲ. ಚೆಕ್ ಬೌನ್ಸ್ ಪ್ರಕರಣವನ್ನೇ ತೆಗೆದುಕೊಳ್ಳಿ. ಅದು ಹಣ ಬರಬೇಕಾದವನು ನೇರವಾಗಿ ಮ್ಯಾಜಿಸ್ಟ್ರೇಟರ ಮುಂದೆ ಸಲ್ಲಿಸುವ ಖಾಸಗಿ ದೂರು. ಅದಕ್ಕೆ ಎಫ್‌ಐಆರ್ ಎಂಬುದೇ ಇಲ್ಲ. ಆದರೆ ಆರೋಪಿ ಹಾಜರಾಗದಿದ್ದರೆ ಅದರಲ್ಲೂ ಜಾಮೀನುರಹಿತ ವಾರಂಟ್ ಹೊರಡುತ್ತದೆ. ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ನನ್ನ ಮೇಜಿನ ಮೇಲೆ ರಾಶಿ ಬೀಳುತ್ತಿದ್ದ ವಾರಂಟುಗಳಲ್ಲಿ ಹೆಚ್ಚಿನವು ಅಂಥವೇ. ಎಫ್‌ಐಆರ್ ಹುಡುಕಾಟದಲ್ಲಿ ಅವುಗಳ ಸುಳಿವೂ ಸಿಗದು.

ಘೋಷಿತ ಅಪರಾಧಿಗಳ ಪಟ್ಟಿಯೂ ಹಾಗೆಯೇ. ವಾರಂಟ್ ಜಾರಿಯಾಗದೆ ಆರೋಪಿ ತಲೆಮರೆಸಿಕೊಂಡಿದ್ದಾನೆ ಎಂದು ನ್ಯಾಯಾಲಯಕ್ಕೆ ಮನವರಿಕೆಯಾದಾಗ ಉದ್ಘೋಷಣೆ ಹೊರಡುತ್ತದೆ. ಪ್ರಕಟಣೆಯಾದ ಮೇಲೆ ಹಾಜರಾಗಲು ಕನಿಷ್ಠ 30 ದಿನ ಕೊಡಬೇಕು. ‘ಘೋಷಿತ ಅಪರಾಧಿ’ ಎಂದು ಕರೆಯುವುದು ಗಂಭೀರ ಅಪರಾಧಗಳಲ್ಲಿ ಮಾತ್ರ. ಸಾಮಾನ್ಯ ವಾರಂಟ್ ಇರುವವರು ಆ ಪಟ್ಟಿಯ ಹತ್ತಿರಕ್ಕೂ ಬರುವುದಿಲ್ಲ. ಪರಿಶೀಲನಾ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕಾದವನು ಆ ವ್ಯಕ್ತಿಯೇ. ಅವನಿಗೆ ತಿಳಿಯದಂತೆ ಅವನ ಪ್ರಮಾಣಪತ್ರವನ್ನು ನಾವು ತರಿಸಲಾಗದು.

ದಾವಣಗೆರೆ ವಕೀಲೆ

ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಅತಿಥಿಯನ್ನು ಇಟ್ಟುಕೊಂಡ ತಪ್ಪಿಗೆ ತಮ್ಮನ್ನೂ ಹಿಡಿದುಕೊಂಡು ಹೋಗುತ್ತಾರೆ ಎಂಬ ಭಯ ಇಲ್ಲಿ ಹಲವರಿಗೆ ಇದ್ದಂತಿದೆ.

ಆಶ್ರಯ ನೀಡುವ ಅಪರಾಧ ಭಾರತೀಯ ನ್ಯಾಯ ಸಂಹಿತೆಯ 249 ಮತ್ತು 253ನೇ ಕಲಮುಗಳಲ್ಲಿದೆ. ಹಳೆಯ ದಂಡ ಸಂಹಿತೆಯಲ್ಲಿ ಇವು 212 ಮತ್ತು 216 ಆಗಿದ್ದವು. ತಮ್ಮ ಪ್ರಸಂಗಕ್ಕೆ ಹತ್ತಿರವಾದದ್ದು 253. ಬಂಧನಕ್ಕೆ ಆದೇಶವಾಗಿದೆ ಎಂದು ತಿಳಿದಿದ್ದು, ಬಂಧನವನ್ನು ತಪ್ಪಿಸುವ ಉದ್ದೇಶದಿಂದಲೇ ಆಶ್ರಯ ಕೊಟ್ಟರೆ ಅಥವಾ ಬಚ್ಚಿಟ್ಟರೆ ಅಪರಾಧ. ತಿಳಿವಳಿಕೆ ಮತ್ತು ಉದ್ದೇಶ, ಎರಡೂ ಬೇಕು. ಏನೂ ತಿಳಿಯದೆ ಊಟ ಹಾಕಿ ಹಾಸಿಗೆ ಕೊಟ್ಟವರು ಅಪರಾಧಿಗಳಲ್ಲ. ತಿಳಿದ ಮೇಲೂ, ಅವನು ಇರುವುದನ್ನು ಮುಚ್ಚಿಡದೆ, ಹೋಗಿ ನ್ಯಾಯಾಲಯಕ್ಕೆ ಹಾಜರಾಗು ಎಂದು ಹೇಳುತ್ತ ಇಟ್ಟುಕೊಂಡವರಲ್ಲಿ ಆ ಉದ್ದೇಶವನ್ನು ಹುಡುಕುವುದು ಕಷ್ಟ. ಆದರೆ ಪೊಲೀಸರು ಬಾಗಿಲಲ್ಲಿ ನಿಂತು ಕೇಳಿದಾಗ, ಮಹಡಿಯ ಮೇಲೆ ಅವನು ಮಲಗಿರುವಾಗಲೇ ‘ಅಂಥವರು ಯಾರೂ ಇಲ್ಲ’ ಎಂದರೆ ಚಿತ್ರ ಬದಲಾಗುತ್ತದೆ.

ಶಿಕ್ಷೆ ಅತಿಥಿಯ ಮೇಲಿರುವ ಆರೋಪವನ್ನು ಅವಲಂಬಿಸಿದೆ. ಅವನದು ಮರಣದಂಡನೆಗೆ ಅರ್ಹವಾದ ಅಪರಾಧವಾಗಿದ್ದರೆ ಆಶ್ರಯ ಕೊಟ್ಟವನಿಗೆ ಏಳು ವರ್ಷದ ತನಕ. ಜೀವಾವಧಿ ಅಥವಾ ಹತ್ತು ವರ್ಷದ್ದಾಗಿದ್ದರೆ ಮೂರು ವರ್ಷದ ತನಕ. ಅದಕ್ಕಿಂತ ಕಡಿಮೆಯದಾದರೆ ಆ ಅಪರಾಧದ ಗರಿಷ್ಠ ಶಿಕ್ಷೆಯ ನಾಲ್ಕನೇ ಒಂದು ಭಾಗ, ಅಥವಾ ದಂಡ, ಅಥವಾ ಎರಡೂ. ಚೆಕ್ ಪ್ರಕರಣದಲ್ಲಿ ಗರಿಷ್ಠ ಎರಡು ವರ್ಷ, ಅಂದರೆ ಇಲ್ಲಿ ಆರು ತಿಂಗಳು. ವಿನಾಯಿತಿ ಇರುವುದು ಗಂಡ ಹೆಂಡತಿಗೆ ಮಾತ್ರ. ನಾದಿನಿಯ ಗಂಡನ ದಾಯಾದಿಯ ತನಕ ಕಾನೂನಿನ ಕರುಣೆ ಹರಿಯುವುದಿಲ್ಲ.

ಮೂರನೆಯ ಪ್ರಶ್ನೆ. ಬರಬಹುದು. ವಾರಂಟ್ ಹಿಡಿದ ಅಧಿಕಾರಿಗೆ ಆ ವ್ಯಕ್ತಿ ತಮ್ಮ ಮನೆಯಲ್ಲಿದ್ದಾನೆ ಎಂದು ನಂಬಲು ಕಾರಣವಿದ್ದರೆ, ಮನೆಯಲ್ಲಿ ವಾಸವಿರುವವರು ಅವರನ್ನು ಒಳಗೆ ಬಿಟ್ಟು ಹುಡುಕಲು ಅನುವು ಮಾಡಿಕೊಡಬೇಕು. ಸುರಕ್ಷಾ ಸಂಹಿತೆಯ 44ನೇ ಕಲಮು. ಬಿಡದಿದ್ದರೆ ಬಾಗಿಲು ಒಡೆಯುವ ಅಧಿಕಾರವೂ ಅವರಿಗಿದೆ. ವಾರಂಟಿನ ಸಾರಾಂಶವನ್ನು ಅವರು ಆರೋಪಿಗೆ ಹೇಳಬೇಕು, ಅವನು ಕೇಳಿದರೆ ಪ್ರತಿಯನ್ನು ತೋರಿಸಬೇಕು.

ಆದರೆ ಎಲ್ಲ ವಾರಂಟೂ ಒಂದೇ ಅಲ್ಲ, ಈ ಮಾತನ್ನು ಒತ್ತಿ ಹೇಳುತ್ತೇನೆ. ಸಾಕ್ಷಿ ಹೇಳಲು ಬಾರದವರ ಮೇಲೂ ವಾರಂಟ್ ಹೊರಡುತ್ತದೆ. ಅವರು ಯಾವ ಅಪರಾಧವನ್ನೂ ಮಾಡಿದವರಲ್ಲ. ಜೀವನಾಂಶ ಬಾಕಿ ಉಳಿಸಿಕೊಂಡವರ ಮೇಲೆ ಎಫ್‌ಎಲ್‌ಡಬ್ಲ್ಯು ಎಂಬ ದಂಡ ವಸೂಲಿ ವಾರಂಟ್ ಬರುತ್ತದೆ. ಸಿವಿಲ್ ಡಿಕ್ರಿಯ ಹಣ ಕೊಡದವರ ಮೇಲೆ ಅಮಲ್ಜಾರಿಯಲ್ಲಿ, ಅಂದರೆ ಆ ತೀರ್ಪನ್ನು ಜಾರಿಗೊಳಿಸುವ ಹಂತದಲ್ಲಿ, ಬಂಧನದ ವಾರಂಟ್ ಬರಬಹುದು. ಆ ಸಿವಿಲ್ ವಾರಂಟಿನ ನಿಯಮ ಕೇಳಿದರೆ ತಮಗೆ ಆಶ್ಚರ್ಯವಾಗುತ್ತದೆ: ಸೂರ್ಯಾಸ್ತದ ಬಳಿಕ ಸೂರ್ಯೋದಯದ ಮೊದಲು ಯಾವ ವಾಸದ ಮನೆಯನ್ನೂ ಪ್ರವೇಶಿಸುವಂತಿಲ್ಲ, ಮನೆ ಸಾಲಗಾರನ ಸ್ವಾಧೀನದಲ್ಲಿದ್ದು ಅವನೇ ಅಡ್ಡಗಟ್ಟಿದ ಹೊರತು ಹೊರಬಾಗಿಲನ್ನು ಒಡೆಯುವಂತಿಲ್ಲ. ಅತಿಥಿಯಾಗಿ ಬಂದವನಿಗಾಗಿ ತಮ್ಮ ತಲೆಬಾಗಿಲನ್ನು ಒಡೆಯುವುದು ಅಲ್ಲಿ ಸಾಧ್ಯವಿಲ್ಲ.

ಮಲೆನಾಡ ಗೃಹಸ್ಥ

ಇಷ್ಟೆಲ್ಲ ಯಾಕೆ ಎಂದು ಕೇಳುವವರಿಗೆ ನನ್ನ ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಅಡಿಕೆ ಕೊಯ್ಲಿನ ಸಮಯದಲ್ಲಿ, ನನ್ನ ಶಾಲೆಯ ಕಾಲದ ಗೆಳೆಯನೊಬ್ಬ ಒಂದು ವಾರ ಇದ್ದು ಹೋಗುತ್ತೇನೆಂದು ಬಂದ. ಮೂರನೇ ದಿನ ಬೆಳಗಿನ ಜಾವ ಐದೂವರೆಗೆ ನಾಯಿ ಬೊಗಳಿತು, ಅಂಗಳದಲ್ಲಿ ಬೇರೆ ಜಿಲ್ಲೆಯ ಪೊಲೀಸರು ನಿಂತಿದ್ದರು. ಅದು ಅವರ ಮಾತಿನಲ್ಲಿ ‘ಎಲ್‌ಪಿಸಿ ವಾರಂಟ್’, ಬಹುಕಾಲದಿಂದ ಉಳಿದುಕೊಂಡ ಪ್ರಕರಣದ್ದು. ಯಾವುದೋ ಜಗಳದ ಪ್ರಕರಣಕ್ಕೆ ಹನ್ನೊಂದು ವರ್ಷ ವಯಸ್ಸಾಗಿತ್ತು. ಅವರೇನೂ ಗದ್ದಲ ಮಾಡಲಿಲ್ಲ. ಕಾಫಿ ಕೊಟ್ಟರೆ ಕುಡಿದರು ಕೂಡ. ಆದರೆ ಬಂಧನದ ಮೆಮೊಗೆ ಸ್ಥಳೀಯರ ಸಾಕ್ಷಿ ಸಹಿ ಬೇಕೆಂದು ನನ್ನಿಂದಲೇ ಸಹಿ ಹಾಕಿಸಿಕೊಂಡರು. ನನ್ನ ಮನೆಯ ಜಗಲಿಯಲ್ಲಿ ಕುಳಿತು ನನ್ನ ಗೆಳೆಯನ ಬಂಧನಕ್ಕೆ ನಾನೇ ಸಹಿ ಹಾಕಿದೆ. ಅಪ್ಪಯ್ಯ ಒಳಗಿನಿಂದ ನೋಡುತ್ತಿದ್ದರು. ಅವನು ಮರುದಿನ ಸಂಜೆಯೊಳಗೆ ಜಾಮೀನಿನ ಮೇಲೆ ಹೊರಬಂದ, ಆದರೆ ನಮ್ಮ ಮನೆಗೆ ಮತ್ತೆ ಬರಲಿಲ್ಲ. ನಾಚಿಕೆ ಅವನಿಗೋ ನನಗೋ ಈಗಲೂ ಗೊತ್ತಿಲ್ಲ.

ಆದ್ದರಿಂದ ತುಂಗಾತೀರ ಅವರೇ, ಮೊದಲೇ ವಿಚಾರಿಸುವುದನ್ನು ಗೂಢಚಾರಿಕೆ ಎನ್ನಬೇಡಿ. ಮೊದಲೇ ಗೊತ್ತಿದ್ದರೆ ನಾನೇ ಅವನನ್ನು ಕರೆದುಕೊಂಡು ಹೋಗಿ ಹಾಜರುಪಡಿಸುತ್ತಿದ್ದೆ.

ತುಂಗಾತೀರ

ಗೃಹಸ್ಥರ ಮಾತು ಮನಸ್ಸಿಗೆ ತಟ್ಟಿತು. ‘ಗೂಢಚಾರಿಕೆ’ ಎಂಬ ಪದವನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಗಮನಿಸಿ, ತಾವು ಬಯಸಿದ್ದೂ ಕೊನೆಗೆ ಅದೇ: ಮೊದಲೇ ಅವನ ಬಾಯಿಂದ ಕೇಳಿ ತಿಳಿಯುವುದು.

ಸರ್ವರ್ ಡೌನ್

ಇನ್ನೊಂದು ಸಂದೇಹ. ಫೋಟೋ ನಕಲಿಯಾಗಿರಬಹುದಲ್ಲವೇ? ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವ ವಂಚಕರು ನ್ಯಾಯಾಲಯದ ಮೊಹರು, ಅಶೋಕಸ್ತಂಭ ಎಲ್ಲವನ್ನೂ ಅಂಟಿಸಿ ವಾರಂಟ್ ತಯಾರಿಸಿ ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ. ಅಂಥ ಬಂಧನ ಕಾನೂನಿನಲ್ಲೇ ಇಲ್ಲವೆಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ರೇಡಿಯೊದಲ್ಲಿ ಹೇಳಿದರು. ಹಣ ಕೇಳಿಕೊಂಡು ಬಂದ ವಾರಂಟ್ ಆಗಿದ್ದರೆ 1930ಕ್ಕೆ ಕರೆಮಾಡಿ ದೂರು ಕೊಡಬೇಕು.

ಡಲ್ಲಾಸ್ ಕನ್ನಡತಿ

ನಮ್ಮಲ್ಲಿ ಅಮೆರಿಕದಲ್ಲೂ ಎಲ್ಲರೂ ತಿಳಿದಿರುವಷ್ಟು ಸುಲಭವಿಲ್ಲ. ಎಫ್‌ಬಿಐ 1967ರಿಂದ ನಡೆಸುತ್ತಿರುವ ರಾಷ್ಟ್ರೀಯ ಕಡತ ಪೊಲೀಸರಿಗೆ ಮಾತ್ರ ತೆರೆದಿರುತ್ತದೆ. ಸಾರ್ವಜನಿಕರಿಗೆ ಸಿಗುವುದು ಕೆಲವು ಕೌಂಟಿಗಳ ಶೆರಿಫ್ ಕಚೇರಿ ಅಥವಾ ನ್ಯಾಯಾಲಯ ಪ್ರಕಟಿಸುವ ಪಟ್ಟಿ. ಹಣ ಪಡೆದು ಹುಡುಕಿಕೊಡುವ ಖಾಸಗಿ ತಾಣಗಳು ಬಹಳ, ಅವುಗಳಲ್ಲಿ ಹೆಸರು ಅದಲುಬದಲಾಗುವುದೂ ಬಹಳ. ಒಂದು ವ್ಯತ್ಯಾಸ ಮಾತ್ರ ಹೇಳಬೇಕು: ಅತಿಥಿಯ ಬಂಧನದ ವಾರಂಟ್ ಹಿಡಿದು ಆತಿಥೇಯರ ಮನೆಯೊಳಗೆ ಹುಡುಕಲು ಇಲ್ಲಿನ ಪೊಲೀಸರಿಗೆ ಬೇರೆಯೇ ಶೋಧನಾ ವಾರಂಟ್ ಬೇಕು, ಮನೆಯವರು ಒಪ್ಪಿದ ಅಥವಾ ತುರ್ತಿನ ಸಂದರ್ಭಗಳನ್ನು ಬಿಟ್ಟು. ಇಲ್ಲಿನ ಸುಪ್ರೀಂ ಕೋರ್ಟ್ 1981ರಲ್ಲಿ ಹಾಗೆ ತೀರ್ಪು ಕೊಟ್ಟಿದೆ. 44ನೇ ಕಲಮಿನ ವಿಚಾರ ಓದಿ ಇದು ನೆನಪಾಯಿತು.

ಕುವೆಂಪುನಗರದವಳು

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಅತ್ತೆಯವರು ಮಲಗಿದ ಮೇಲೆ ಶಿರಸ್ತೇದಾರರು ಹೇಳಿದಂತೆ ಕುಳಿತು ನೋಡಿದೆ.

ಮೊದಲು ಆತುರಕ್ಕೆ ಹೆಸರಿನಿಂದಲೇ ಹುಡುಕಿದೆ. 2021ನೇ ಇಸವಿಯೊಂದರಲ್ಲೇ ಅದೇ ಹೆಸರಿನ ನಾಲ್ವರು ಸಿಕ್ಕರು, ಒಬ್ಬನ ಮೇಲೆ ಕಳ್ಳತನದ ಪ್ರಕರಣ. ಎದೆ ಡವಗುಟ್ಟಿತು. ಆಮೇಲೆ ಫೋಟೋದಲ್ಲಿದ್ದ ಸಿ.ಸಿ. ನಂಬರಿನಿಂದ ಹುಡುಕಿದರೆ ಸಿಕ್ಕಿದ್ದು ಬೇರೆಯದೇ ಪ್ರಕರಣ. ಚೆಕ್ ಬೌನ್ಸಿನದು; ದೂರುದಾರರು ಒಂದು ಪಾಲುದಾರಿ ಸಂಸ್ಥೆಯವರು. ಹುಡುಗ ಬೆಂಗಳೂರಿನಲ್ಲಿ ಅಂಗಡಿ ಇಟ್ಟು ಮುಚ್ಚಿದ್ದು ನಮಗೆ ಗೊತ್ತಿತ್ತು, ಫೋಟೋದ ವಿಳಾಸವೂ ಆ ಅಂಗಡಿಯದೇ. ಹಿಂದಿನ ವಾಯಿದೆಗಳನ್ನು ಒಂದೊಂದಾಗಿ ಒತ್ತಿ ಓದಿದೆ. ಸಮನ್ಸ್ ‘ವಿಳಾಸದಲ್ಲಿ ಇಲ್ಲ’ ಎಂದು ಹಿಂತಿರುಗಿದೆ, ಬಳಿಕ ಜಾಮೀನು ಸಹಿತ ವಾರಂಟ್, ಬಳಿಕ ಎನ್‌ಬಿಡಬ್ಲ್ಯು, ಬಳಿಕ ‘ಎನ್‌ಬಿಡಬ್ಲ್ಯು ಮರುಹೊರಡಿಸಿ’ ಎಂದು ಏಳು ಬಾರಿ. ಕೊನೆಯ ವಾಯಿದೆ ಕಳೆದ ತಿಂಗಳಿನದು. ರೀಕಾಲ್ ಆದ ಸುಳಿವು ಎಲ್ಲಿಯೂ ಇಲ್ಲ.

ಈಗ ನನಗೆ ತಿಳಿದಂತಾಯಿತಲ್ಲ. ವಕೀಲರು ಹೇಳಿದ ‘ತಿಳಿವಳಿಕೆ’ ಎಂಬ ಅರ್ಧ ನನ್ನ ತಲೆಯ ಮೇಲೆ ಬಂದು ಕೂತಿತು. ನಾನು ಠಾಣೆಗೆ ಹೋಗಿ ಹೇಳಬೇಕೇ?

ದಾವಣಗೆರೆ ವಕೀಲೆ

ಹೇಳಲೇಬೇಕೆಂಬ ಕಾನೂನಿನ ಕಟ್ಟುಪಾಡು ಇಂಥ ಪ್ರಕರಣದಲ್ಲಿ ಇಲ್ಲ. ಕೆಲವು ಅಪರಾಧಗಳ ಬಗ್ಗೆ ಮಾಹಿತಿ ಕೊಡುವುದು ಪ್ರತಿ ನಾಗರಿಕನ ಕರ್ತವ್ಯವೆಂದು ಸುರಕ್ಷಾ ಸಂಹಿತೆಯ 33ನೇ ಕಲಮು ಪಟ್ಟಿ ಮಾಡಿದೆ. ಕೊಲೆ, ದರೋಡೆಯಂಥವು ಅದರಲ್ಲಿವೆ, ಚೆಕ್ಕು ಇಲ್ಲ. ಹುಡುಗ ಇನ್ನೂ ತಮ್ಮ ಹೊಸಿಲನ್ನೇ ದಾಟಿಲ್ಲ. ಆದ್ದರಿಂದ ತಮ್ಮ ಮೇಲೆ ಈ ಕ್ಷಣಕ್ಕೆ ಯಾವ ಹೊಣೆಯೂ ಇಲ್ಲ. ಫೋಟೋದಲ್ಲಿದ್ದದ್ದು ಗಂಭೀರ ಅಪರಾಧವಾಗಿದ್ದರೆ ನನ್ನ ಸಲಹೆ ಬೇರೆ ಇರುತ್ತಿತ್ತು.

ಅವನಿಗೆ ಫೋನು ಮಾಡಿ. ವಾರಂಟಿನ ಮಾತಿನಿಂದ ಆರಂಭಿಸಬೇಡಿ. ‘ನಿನ್ನ ಅಂಗಡಿಯ ಕಾಲದ ಒಂದು ಪ್ರಕರಣ ಬೆಂಗಳೂರಿನಲ್ಲಿ ಬಾಕಿ ಇರುವಂತಿದೆ, ನಿನಗೆ ಗೊತ್ತಿದೆಯೇ?’ ಎಂದು ಕೇಳಿ, ಸಿಎನ್‌ಆರ್ ಸಂಖ್ಯೆ ಕಳುಹಿಸಿ. ಎಷ್ಟೋ ಜನಕ್ಕೆ ತಮ್ಮ ಮೇಲೆ ವಾರಂಟ್ ಇರುವುದು ಪಾಸ್‌ಪೋರ್ಟ್ ಪರಿಶೀಲನೆಗೆ ಹೋದಾಗಲೇ ತಿಳಿಯುವುದು. ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಅದಕ್ಕೂ ಬಗ್ಗದಿದ್ದರೆ ಮಾತ್ರ ಎನ್‌ಬಿಡಬ್ಲ್ಯು ಎಂಬ ಕ್ರಮವನ್ನು ಸುಪ್ರೀಂ ಕೋರ್ಟ್ 2007ರ ತೀರ್ಪಿನಲ್ಲಿ ಹಾಕಿಕೊಟ್ಟಿದೆ. ಇಲ್ಲಿ ಆ ಮೆಟ್ಟಿಲುಗಳನ್ನೆಲ್ಲ ಹತ್ತಿದ್ದಾರೆ, ಆದರೆ ಪ್ರತಿ ಕಾಗದವೂ ಮುಚ್ಚಿದ ಅಂಗಡಿಯ ಷಟರಿಗೆ ಹೋಗಿದೆ.

ಪರಿಹಾರ ಸರಳ. ವಕೀಲರ ಮೂಲಕ ವಕಾಲತ್ತು ಹಾಕಿ, ವಾರಂಟ್ ರೀಕಾಲ್ ಮಾಡುವಂತೆ ಅರ್ಜಿ ಸಲ್ಲಿಸಿ, ಖುದ್ದಾಗಿ ಹಾಜರಾಗಬೇಕು. ಪ್ರಕರಣ 2024ರ ಜುಲೈಗಿಂತ ಹಿಂದಿನದಾದ್ದರಿಂದ ಅರ್ಜಿ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 70(2)ನೇ ಕಲಮಿನ ಅಡಿಯಲ್ಲೇ ಹೋಗುತ್ತದೆ. ಗೈರುಹಾಜರಿಗೆ ಕಾರಣ ಕೊಟ್ಟರೆ ನ್ಯಾಯಾಲಯ ಸಾಮಾನ್ಯವಾಗಿ ಸ್ವಲ್ಪ ವೆಚ್ಚ ವಿಧಿಸಿ, ಬಾಂಡು ಜಾಮೀನು ಪಡೆದು ರೀಕಾಲ್ ಮಾಡುತ್ತದೆ. ವಾಯಿದೆಯ ದಿನಕ್ಕೇ ಕಾಯಬೇಕಿಲ್ಲ. ಕಡತವನ್ನು ಮುಂಚಿತವಾಗಿ ಕರೆಸಿಕೊಳ್ಳಲು ಅರ್ಜಿ ಕೊಡಬಹುದು.

ಕುವೆಂಪುನಗರದವಳು

ಹದಿನೈದು ದಿನದ ಮೇಲೆ ಬರೆಯುತ್ತಿದ್ದೇನೆ, ಉತ್ತರಿಸಿದವರಿಗೆ ವಿಷಯ ತಿಳಿಸುವುದು ನನ್ನ ಕರ್ತವ್ಯ.

ಹುಡುಗನಿಗೆ ಪ್ರಕರಣ ಗೊತ್ತಿತ್ತು, ವಾರಂಟ್ ಗೊತ್ತಿರಲಿಲ್ಲ. ವಕೀಲರ ನೋಟಿಸು ಬಂದಾಗಲೇ ಮುಕ್ಕಾಲು ಪಾಲು ಹಣವನ್ನು ಕೈಯಿಂದಲೇ ಕೊಟ್ಟು, ಉಳಿದದ್ದು ‘ಮಾತಿನಲ್ಲಿ ಮುಗಿಯಿತು’ ಎಂದುಕೊಂಡು ಅಂಗಡಿ ಮುಚ್ಚಿ ಊರಿಗೆ ಹೋಗಿದ್ದಾನೆ. ರಸೀದಿ ಒಂದು ಬಿಳಿ ಹಾಳೆ. ಅವರು ಅದೇ ವಾರ ದೂರು ದಾಖಲಿಸಿದ್ದಾರೆ. ಫೋನಿನಲ್ಲಿ ಕೇಳಿದಾಗ ಮೊದಲು ಸಿಟ್ಟು ಮಾಡಿಕೊಂಡ, ಗುಂಪಿನಲ್ಲಿ ಫೋಟೋ ಹಾಕಿದವರು ಯಾರೆಂದು ಪಟ್ಟು ಹಿಡಿದ. ನನಗೆ ಗೊತ್ತಿಲ್ಲ ಎಂದೆ, ಅದು ನಿಜವೂ ಹೌದು. ಆಮೇಲೆ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ‘ಅಕ್ಕ, ಹಾಗಾದರೆ ಈಗ ನಾನು ಬರಬೇಡವೇ?’ ಎಂದು ಕೇಳಿದ. ಕೋರ್ಟಿಗೆ ಹೋಗಿ ಆಮೇಲೆ ಬಾ ಎಂದೆ.

ಕಳೆದ ಮಂಗಳವಾರ ವಕೀಲರೊಂದಿಗೆ ಹಾಜರಾಗಿದ್ದಾನೆ. ಒಂದು ಸಾವಿರ ರೂಪಾಯಿ ವೆಚ್ಚ ಹಾಕಿ ವಾರಂಟ್ ರೀಕಾಲ್ ಮಾಡಿದ್ದಾರೆ. ನಾದಿನಿಯ ಗಂಡ ಜಾಮೀನು ನಿಂತಿದ್ದಾರೆ. ಬಾಕಿ ಹಣ ಕಟ್ಟಿ ರಾಜಿ ಮಾಡಿಕೊಳ್ಳುವ ಮಾತು ನಡೆಯುತ್ತಿದೆ. ಭಾನುವಾರ ಬರುತ್ತಾನೆ. ಅತ್ತೆಯವರಿಗೆ ಇದೇನೂ ಹೇಳಿಲ್ಲ. ಮಹಡಿಯ ಕೋಣೆಗೆ ಹೊಸ ಚಾದರ ಹಾಸಿದ್ದಾರೆ.

ದಾವಣಗೆರೆ ವಕೀಲೆ

ಬಹಳ ಸಂತೋಷ. ರಾಜಿಯನ್ನು ಈ ಬಾರಿ ಬಿಳಿ ಹಾಳೆಯಲ್ಲಿ ಮಾಡಿಕೊಳ್ಳಬೇಡವೆಂದು ಹೇಳಿ. ಚೆಕ್ ಪ್ರಕರಣದಲ್ಲಿ ರಾಜಿಗೆ ಅವಕಾಶವಿದೆ, ಆದರೆ ಜಂಟಿ ಮೆಮೊ ನ್ಯಾಯಾಲಯದ ಮುಂದೆ ಬಂದು, ಅದು ದಾಖಲಾದರೆ ಮಾತ್ರ ಪ್ರಕರಣ ಮುಗಿಯುವುದು.

ಹಳೆಯ ಶಿರಸ್ತೇದಾರ

ಇನ್ನೊಂದು ಕೆಲಸ ಉಳಿದಿದೆ, ಅದನ್ನು ಭಾನುವಾರದ ಮೊದಲೇ ಮಾಡಿಸಿ. ರೀಕಾಲ್ ಆದೇಶದ ದೃಢೀಕೃತ ಪ್ರತಿಯನ್ನು ಪಡೆದು ಅವನು ಜೇಬಿನಲ್ಲಿ ಇಟ್ಟುಕೊಳ್ಳಲಿ, ಇನ್ನೊಂದು ಪ್ರತಿ ತಮ್ಮ ಮನೆಯಲ್ಲಿರಲಿ. ವಾರಂಟ್ ಏಳು ಬಾರಿ ಮರುಹೊರಟಿದೆ ಎಂದರೆ ಯಾವುದಾದರೂ ಠಾಣೆಯ ಕಡತದಲ್ಲಿ ಹಳೆಯ ಪ್ರತಿ ಕೂತಿರುವ ಸಾಧ್ಯತೆ ಇದೆ. ನ್ಯಾಯಾಲಯ ರದ್ದು ಮಾಡಿದ್ದು ಠಾಣೆಗೆ ತಲುಪುವುದರಲ್ಲಿ ತಡವಾಗುತ್ತದೆ. ಮುಂಬೈಯಲ್ಲಿ ಒಬ್ಬ ವಕೀಲರನ್ನೇ, ರದ್ದಾಗಿದ್ದ ವಾರಂಟಿನ ಮೇಲೆ ಸ್ವಾತಂತ್ರ್ಯ ದಿನದಂದು ಬಂಧಿಸಿದ್ದರು. ಆ ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಗಿ, ವಾರಂಟುಗಳ ಲೆಕ್ಕವನ್ನು ನ್ಯಾಯಾಲಯಗಳೂ ಠಾಣೆಗಳೂ ಹೇಗೆ ಇಡಬೇಕೆಂಬ ಮಾರ್ಗಸೂಚಿ 2011ರಲ್ಲಿ ಬಂದಿತು. ಮಾರ್ಗಸೂಚಿ ಇದ್ದರೂ ಪ್ರತಿ ಜೇಬಿನಲ್ಲಿರಲಿ.

ಕುವೆಂಪುನಗರದವಳು

ಪ್ರತಿಗೆ ಇವತ್ತೇ ಅರ್ಜಿ ಹಾಕಿಸಿದ್ದೇನೆ. ಶನಿವಾರ ಕೈಗೆ ಸಿಗುತ್ತದೆಂದು ವಕೀಲರು ಹೇಳಿದ್ದಾರೆ. ಸಿಗದಿದ್ದರೆ ಅವನು ಸೋಮವಾರ ಅದನ್ನು ತೆಗೆದುಕೊಂಡೇ ರೈಲು ಹತ್ತಲಿ ಎಂದು ತಿಳಿಸಿದ್ದೇನೆ.